ನಡುಮನೆಯ ಸ್ಟಾರ್ಟರ್ ಪೆಟ್ಟಿಗೆ

ಮನೆ ನೋಡಲು ಹೋದ ದಿನವೇ ನಾನು ಆ ಪೆಟ್ಟಿಗೆಯನ್ನು ನೋಡಿದ್ದೆ. ನಡುಮನೆಯ ಗೋಡೆಯಲ್ಲಿ, ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಒಂದು ಹಸಿರು ಗುಂಡಿ ಮತ್ತು ಒಂದು ಕೆಂಪು ಗುಂಡಿಯ ಕಬ್ಬಿಣದ ಪೆಟ್ಟಿಗೆ. ಹಿತ್ತಲಾಚೆಯ ಹಿಪ್ಪುನೇರಳೆ ತೋಟಕ್ಕೆ ನೀರೆತ್ತುವ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಅದು.

"ನಾವು ಈ ಮನೇಲಿದ್ದಾಗ ಹಾಕ್ಸಿದ್ದು ಮೇಡಂ. ಅದರ ಪಾಡಿಗೆ ಅದಿರ್ತದೆ" ಅಂದರು ಮಾಲೀಕರು. ಅವರು ಹಿಂದುಗಡೆ ಹೊಸ ಮನೆ ಕಟ್ಟಿಕೊಂಡಿದ್ದರು. ನಾನೂ ತಲೆಯಾಡಿಸಿದೆ. ನನ್ನ ಕಣ್ಣೆಲ್ಲ ಬಾಗಿಲ ಮೇಲಿತ್ತು. ಮೆಟ್ಟಿಲಿಲ್ಲ, ಅಮ್ಮನ ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುತ್ತದೆ, ನಾನು ಪಾಠ ಮಾಡುವ ಹೈಸ್ಕೂಲಿಗೆ ನಡೆದೇ ಹೋಗಬಹುದು. ತಾಯಲೂರಿನ ಸುತ್ತ ಅಂಥ ಇನ್ನೊಂದು ಮನೆ ಇಲ್ಲವೆಂಬುದು ಮೂರು ವಾರ ಅಲೆದ ನನ್ನ ಕಾಲಿಗೆ ಚೆನ್ನಾಗಿ ಗೊತ್ತಿತ್ತು.

ಮುಳಬಾಗಿಲಿನ ಟೈಪಿಂಗ್ ಅಂಗಡಿಯೊಂದರಲ್ಲಿ ಹನ್ನೊಂದು ತಿಂಗಳ ಕರಾರು ಪತ್ರ ಮಾಡಿಸಿದೆವು. ಅವರೂ ಓದಲಿಲ್ಲ, ನಾನೂ ಓದಲಿಲ್ಲ, ಸಹಿ ಮಾತ್ರ ಹಾಕಿದೆವು. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಮಕ್ಕಳ ಮೇಲೆ ದಿನಾ ರೇಗುವ ಮೇಷ್ಟ್ರಮ್ಮ ನಾನು.

ಅಮ್ಮನಿಗೆ ಅದಕ್ಕೆ ಒಂದು ವರ್ಷ ಮೊದಲು ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿತ್ತು. ಮಾತು ತೊದಲುತ್ತಿತ್ತು. ಅವಳ ತವರು ತೆಲುಗು ಮಾತಾಡುವ ಗೌನಿಪಲ್ಲಿ. ಮದುವೆಯಾಗಿ ಮಾಸ್ತಿ ಕಡೆಗೆ ಬಂದು ನಲವತ್ತು ವರ್ಷ ಕನ್ನಡದಲ್ಲೇ ಸಂಸಾರ ಮಾಡಿದರೂ ಕಾಯಿಲೆಯ ಮೇಲೆ ಅವಳ ಬಾಯಿಗೆ ಮೊದಲು ಬರುತ್ತಿದ್ದದ್ದು ತೆಲುಗು. ಒಳಕೋಣೆ ಇಕ್ಕಟ್ಟಾಗಿದ್ದರಿಂದ ಅವಳ ಮಂಚವನ್ನು ನಡುಮನೆಯಲ್ಲೇ ಹಾಕಿದೆ. ನಾನು ಶಾಲೆಗೆ ಹೋದ ಮೇಲೆ ಮಾಲೀಕರ ಹೆಂಡತಿ ಮಧ್ಯಾಹ್ನ ಬಂದು ಊಟ ಮಾಡಿಸಿ, ಬೆಡ್‌ಪ್ಯಾನ್ ಇಟ್ಟು ತೆಗೆದು ಹೋಗುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಅಮ್ಮ ಕೂಗಿದರೂ ಓಡಿ ಬರುತ್ತಿದ್ದರು. ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ. ಹಾಗಾಗಿ ಮನೆಯ ಒಂದು ಬೀಗದ ಕೈ ಅವರ ಬಳಿ ಇತ್ತು.

ತೊಂದರೆಯೆಂದರೆ, ಅದೇ ಕೀಲಿ ಅವರ ಯಜಮಾನರ ಕೈಗೂ ಹೋಗುತ್ತಿತ್ತು. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದಕ್ಕೆ ಹೊತ್ತುಗೊತ್ತಿಲ್ಲ. ಬಂದ ಕೂಡಲೇ ಅವರು ಲುಂಗಿ ಎತ್ತಿ ಕಟ್ಟಿಕೊಂಡು ಸೀದಾ ನಡುಮನೆಗೆ ನುಗ್ಗಿ, ಹಸಿರು ಗುಂಡಿ ಒತ್ತಿ, ಮೋಟಾರಿನ ಸದ್ದು ಕೇಳಿಸಿಕೊಂಡು, ಬಂದಂತೆಯೇ ಹೋಗುತ್ತಿದ್ದರು. ಕೆಟ್ಟ ನೋಟವಿಲ್ಲ, ಕೆಟ್ಟ ಮಾತಿಲ್ಲ. ಅವರ ಲೆಕ್ಕದಲ್ಲಿ ಅದು ಅವರದೇ ಮನೆ. ಅದರೊಳಗೆ ನಾವೂ ಇದ್ದೆವು ಅಷ್ಟೆ. ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಗ, ಅಮ್ಮನ ಬೆನ್ನು ಒರೆಸುತ್ತಿದ್ದಾಗ, ಹೀಗೆ ಎಷ್ಟೋ ಸಲ ಬಂದರು. ಒಂದೆರಡು ಸಲ ಹೇಳಿದೆ. "ಅಯ್ಯೋ, ಆಯ್ತು ಮೇಡಂ" ಎಂದು ಮಾರನೆಯ ದಿನ ಮತ್ತೆ ಬಂದರು.

ಆ ಬೇಸಿಗೆಯ ಮೊದಲಲ್ಲಿ ಅಮ್ಮನಿಗೆ ಜ್ವರ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಮೂತ್ರದ ಸೋಂಕು ಎಂದು ಹೇಳಿ, "ನೀರು ಕುಡಿಸಲ್ವೇನ್ರೀ?" ಎಂದು ನನ್ನನ್ನು ಗದರಿದರು. ನನಗೆ ಅವಮಾನವಾಯಿತು. ದಿನಾ ಬೆಳಿಗ್ಗೆ ಚೊಂಬು ತುಂಬಿಸಿ, ಅಮ್ಮನ ಎಡಗೈಗೆ ಎಟುಕುವ ಹಾಗೆ ಸ್ಟೂಲಿನ ಮೇಲೆ ಇಟ್ಟೇ ಹೋಗುತ್ತಿದ್ದೆ. ಅಂದು ಸಂಜೆ ಬಂದು ನೋಡಿದರೆ ಚೊಂಬು ಇಟ್ಟ ಹಾಗೇ ಇತ್ತು. ಮಾರನೆಯ ದಿನವೂ ಹಾಗೇ. ತುಟಿ ಒಡೆದಿತ್ತು.

"ಯಾಕಮ್ಮಾ ಕುಡಿಯಲ್ಲ? ಏನಾಗಿದೆ ನಿಂಗೆ?" ಎಂದು ರೇಗಿದೆ. ಅಮ್ಮ ಪೆಟ್ಟಿಗೆಯ ಕಡೆ ನೋಡಿದಳು. "ಕುಡಿದ್ರೆ ಪ್ಯಾನ್ ಬೇಕಾಗ್ತದೆ. ಅವ್ನು ಬಂದ್ಬಿಡ್ತಾನೆ" ಅಂದಳು.

ಮಾಲೀಕರ ಹೆಂಡತಿಯನ್ನು ಕೇಳಿದಾಗ ಅವರು ಸೆರಗಿನ ತುದಿಯನ್ನು ಹಿಂಡುತ್ತ ಹೇಳಿದರು. ಒಂದು ಮಧ್ಯಾಹ್ನ ಅವರು ಅಮ್ಮನಿಗೆ ಪ್ಯಾನ್ ಇಡುತ್ತಿದ್ದಾಗಲೇ ಕರೆಂಟು ಬಂದು, ಗಂಡ ಒಳಗೆ ಬಂದಿದ್ದರಂತೆ. "ಅವರು ಮುಖ ಆ ಕಡೆ ತಿರುಗ್ಸ್ಕೊಂಡ್ರಕ್ಕಾ. ಏನೂ ನೋಡ್ಲಿಲ್ಲ."

ನೋಡಿರಲಿಕ್ಕಿಲ್ಲ, ನಂಬುತ್ತೇನೆ. ಆದರೆ ಅಮ್ಮನಿಗೆ ಅದೇನು ಸಮಾಧಾನ? ಬೀರುವಿನಿಂದ ಕರಾರು ಪತ್ರ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಆರನೆಯ ಷರತ್ತು ಅಲ್ಲೇ ಇತ್ತು: ಮಾಲೀಕರು ಮುಂಚಿತವಾಗಿ ತಿಳಿಸಿ, ಬಾಡಿಗೆದಾರರ ಒಪ್ಪಿಗೆ ಪಡೆದೇ ಮನೆಯೊಳಗೆ ಬರತಕ್ಕದ್ದು. ಪತ್ರ ಹಿಡಿದುಕೊಂಡು ಹಾಗೇ ಹೊರಟೆ.

ಮಾಲೀಕರು ರೇಷ್ಮೆ ಹುಳು ಸಾಕುವ ಮನೆಯಲ್ಲಿದ್ದರು. ಸಿಟ್ಟಿನ ಭರದಲ್ಲಿ ನಾನು ಬಾಗಿಲು ತಳ್ಳಿ ಒಂದು ಕಾಲು ಒಳಗಿಟ್ಟೇಬಿಟ್ಟೆ.

"ಅಲ್ಲೇ ನಿಂತ್ಕೊಳಿ ಮೇಡಂ! ಒಳಗ್ ಬರ್ಬೇಡಿ!" ಎಂದು ಅವರು ಕೂಗಿದರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆ ಇತ್ತು. ಕೈ ಕಾಲು ತೊಳೆಯದೆ, ಕೇಳದೆ, ಪೌಡರು ಫಿನಾಯಿಲಿನ ವಾಸನೆ ಹೊತ್ತುಕೊಂಡು ಯಾರೂ ರೇಷ್ಮೆ ಹುಳುವಿನ ಬಳಿ ಹೋಗುವ ಹಾಗಿಲ್ಲ. ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹುಳು ಸಾಕಿದ ಮನೆಯಲ್ಲೇ ಬೆಳೆದವಳು ನಾನು. ಅಮ್ಮನ ಕೈಯಲ್ಲಿ ಇದೇ ತಪ್ಪಿಗೆ ಪೊರಕೆ ಏಟು ತಿಂದಿದ್ದೇನೆ. ಹಿಂದೆ ಸರಿದು ಅಂಗಳದಲ್ಲಿ ನಿಂತೆ. ಬೈಯಲು ಹೋದವಳೇ ತಪ್ಪಿತಸ್ಥೆಯಾಗಿದ್ದೆ.

ಅವರು ಹೊರಗೆ ಬಂದ ಮೇಲೆ ಆರನೆಯ ಷರತ್ತನ್ನು ಓದಿ ಹೇಳಿದೆ. "ಅವೆಲ್ಲ ಸಿಟಿಯೋರ ಕಾಗ್ದ ಮೇಡಂ. ನಮ್ಮನೆ ಗೋಡೇಲಿರೋ ನಮ್ ಸ್ಟಾರ್ಟರ್ ಒತ್ತಕ್ಕೆ ನಾನ್ ಅರ್ಜಿ ಹಾಕ್ಬೇಕಾ? ಈಗ ಹುಳ ಕೊನೇ ಹಂತದಲ್ಲಿ ಅವೆ. ಸೊಪ್ಪಿಗೆ ನೀರಿಲ್ದಿದ್ರೆ ಅವಕ್ಕೇನ್ ಹಾಕ್ಲಿ?"

"ಗೋಡೆ ನಿಮ್ದೇ ಯಜಮಾನ್ರೇ, ಇಲ್ಲ ಅಂದೋರ್ಯಾರು? ಮಂಚದ ಮೇಲೆ ಮಲ್ಗಿರೋರು ನಮ್ಮಮ್ಮ. ನಿಮಗೆ ಹೆದರ್ಕೊಂಡು ನೀರು ಕುಡಿಯೋದೇ ಬಿಟ್ಟಿದ್ದಾರೆ."

ಅವರ ಮುಖ ಸಪ್ಪಗಾಯಿತು. ಆದರೆ ಸೋಲಲು ಮನಸ್ಸಿಲ್ಲ. "ನಿಮಗೆ ಅಷ್ಟು ತೊಂದ್ರೆ ಆಗೋದಾದ್ರೆ ಬೇರೆ ಮನೆ ನೋಡ್ಕೊಳಿ" ಎಂದು ಒಳಗೆ ಹೋದರು. ಹೋಗುವಾಗ ಮರೆಯದೆ ತಟ್ಟೆಯಲ್ಲಿ ಕಾಲು ಅದ್ದಿಕೊಂಡೇ ಹೋದರು.

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿ ಅತ್ತೆ. ಮನೆ ಬಿಡಬೇಕಾದರೆ ಎಲ್ಲಿಗೆ ಹೋಗುವುದು? ಮಧ್ಯಾಹ್ನ ಯಾರು ನೋಡುತ್ತಾರೆ? ಅಮ್ಮನಿಗೆ ಬೇಕಾದದ್ದೇ ಬೇರೆ. "ಹುಳದ ಮನೆಗೆ ಹಾಗೇ ನುಗ್ಗಿದ್ಯಾ?" ಎಂದು ಕಣ್ಣು ಬಿಟ್ಟಳು. ಆಮೇಲೆ ಪೆಟ್ಟಿಗೆಯನ್ನೇ ನೋಡುತ್ತ ಮಲಗಿದಳು.

ಮಾರನೆಯ ದಿನ ಭಾನುವಾರ. ಅಮ್ಮನಿಗೆ ಮೈ ಒರೆಸಿ, ಸೀರೆಯನ್ನು ಅರ್ಧ ಸುತ್ತಿದ್ದೆ. ಹೊರಗೆ ಚಪ್ಪಲಿಯ ಸದ್ದು. ಕರೆಂಟು ಬಂದಿತ್ತು. ಬಾಗಿಲು ತೆರೆಯಿತು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎಡಗೈ ಎತ್ತಿದಳು.

"ಉಂಡಪ್ಪಾ! ಕಾಳ್ಳು ಕಡುಕ್ಕುನ್ನಾವಾ?"

ನಿಲ್ಲಪ್ಪಾ, ಕಾಲು ತೊಳೆದುಕೊಂಡೆಯಾ ಎಂದು, ಮಾಲೀಕರ ಮನೆಮಾತಾದ ತೆಲುಗಿನಲ್ಲೇ. ಹುಳು ಸಾಕುವ ಹೆಂಗಸರು ಬಾಗಿಲಲ್ಲಿ ಕೇಳುವ ಪ್ರಶ್ನೆ, ಅದೇ ಗತ್ತಿನಲ್ಲಿ. ತೊದಲು ಒಂದಿಷ್ಟೂ ಇರಲಿಲ್ಲ. ಮನುಷ್ಯ ಹೊಸ್ತಿಲಾಚೆ ಕಾಲು ಎಳೆದುಕೊಂಡು ನಿಂತುಬಿಟ್ಟರು. ಆಮೇಲೆ ಹೋಗಿ ನಲ್ಲಿಯಲ್ಲಿ ನಿಜವಾಗಿಯೂ ಕಾಲು ತೊಳೆದುಕೊಂಡು ಬಂದರು. ಬಂದು, ಬಾಗಿಲ ಮರೆಯಲ್ಲಿ ನಿಂತು ಕೇಳಿದರು.

"ಬರ್ಲಾ ಅಮ್ಮಾ?"

"ಇರು" ಅಂದಳು ಅಮ್ಮ. ನನ್ನ ಕೈಯಲ್ಲಿ ನೆರಿಗೆ ಸರಿ ಮಾಡಿಸಿಕೊಂಡಳು, ಸೆರಗು ಹೊದೆಸಿಕೊಂಡಳು, ಎದ್ದು ಒರಗಿ ಕೂತಳು. ಇಷ್ಟಕ್ಕೇ ಬಿಡಲಿಲ್ಲ. ಕುಂಕುಮ ಇಡು ಅಂದಳು. ಹೊರಗೆ ಅವರು ಕರೆಂಟು ಹೋದೀತೆಂದು ಕಾಲು ಬದಲಿಸುತ್ತಿದ್ದದ್ದು ಕೇಳುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಮ್ಮ, "ಈಗ ಬಾ" ಅಂದಳು.

ಅವತ್ತಿನಿಂದ ಅವರು ಅಂಗಳದಿಂದಲೇ ಕೂಗಿ ಕೇಳುವುದು ಶುರುವಾಯಿತು. ಚೊಂಬಿನ ನೀರು ದಿನ ದಿನ ಸ್ವಲ್ಪ ಸ್ವಲ್ಪ ಇಳಿಯಿತು, ಅರ್ಧದವರೆಗೆ. ಅದಕ್ಕಿಂತ ಹೆಚ್ಚು ಅಮ್ಮ ಧೈರ್ಯ ಮಾಡಲಿಲ್ಲ. ಬಾಯಿಬಿಟ್ಟು ನೀರು ಕೇಳಲೂ ಇಲ್ಲ.

ಆ ಬೆಳೆಯ ಹುಳು ಗೂಡು ಕಟ್ಟಿದ ವಾರ ಒಬ್ಬ ವೈರ್‌ಮನ್ ಬಂದು ಸ್ಟಾರ್ಟರನ್ನು ಕಿತ್ತು ಹಿತ್ತಲ ಗೋಡೆಯ ಹೊರಮೈಗೆ, ತಗಡಿನ ಮರೆಯೊಳಗೆ ಕೂರಿಸಿದ. ಮಾಲೀಕರೇ ಕರೆಸಿದ್ದರು, ಹಾಗೆ ಮಾಡಿ ಎಂದು ನಾವು ಹೇಳಿರಲಿಲ್ಲ. ನಡುಮನೆಯ ಗೋಡೆಯಲ್ಲಿ ನಾಲ್ಕು ತೂತು ಉಳಿದವು. ಮಾಲೀಕರಿಗೆ ನಮ್ಮ ಮನೆಯೊಳಗೆ ಬರುವ ಕೆಲಸವೇ ಇಲ್ಲವಾಯಿತು.

ಆದರೂ ಎರಡು ದಿನ ಬಿಟ್ಟು, ಸಂಜೆ, ಬಾಗಿಲಲ್ಲಿ ನಿಂತು ಕೆಮ್ಮಿದರು. ಬೊಗಸೆ ತುಂಬ ಹೊಸ ಗೂಡು. "ಅಮ್ಮನಿಗ್ ತೋರ್ಸಣ ಅಂತ ತಂದೆ. ಬರ್ಲಾ?"

"ಬಾಪ್ಪಾ" ಅಂದಳು ಅಮ್ಮ, ಸ್ವಲ್ಪವೂ ಕಾಯಿಸದೆ. ಒಂದು ಗೂಡನ್ನು ಎಡಗೈಯಲ್ಲಿ ತೆಗೆದುಕೊಂಡು, ಕಿವಿಯ ಬಳಿ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ, "ಗಟ್ಟಿಯಾಗಿ ಅದೆ" ಅಂದಳು. ಅವರ ಮುಖ ಅರಳಿತು. ಅಮ್ಮ ನನ್ನ ಕಡೆ ತಿರುಗಿದಳು.

"ಅವ್ನಿಗೊಂದ್ ಲೋಟ ನೀರ್ ಕೊಡು" ಅಂದಳು. ನಾನು ಅಡುಗೆಮನೆ ಮುಟ್ಟುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಮಾತು ಬಂತು.

"ನನ್ಗೂ."