ಮೂರನೆಯ ತಲೆಮಾರಿನ ನೊವಾಕ್

ನಮ್ಮ ಮಗಳ ಮದುವೆಗೆ ಗಂಡಿನ ಕಡೆಯವರನ್ನು ನಾನು ಕೇಳಿದ್ದು ಮೂರೇ ಮೂರು ಹೆಸರು: ವರನ ತಂದೆಯದು, ಅಜ್ಜನದು, ಮುತ್ತಜ್ಜನದು. ಧಾರೆ ಎರೆಯುವ ಮುನ್ನ ಪುರೋಹಿತರು ಎರಡೂ ಮನೆತನಗಳ ಮೂರು ತಲೆಮಾರುಗಳನ್ನು ಗೋತ್ರಸಹಿತವಾಗಿ, ಮೂರು ಬಾರಿ, ಸಭೆಗೆಲ್ಲ ಕೇಳಿಸುವಂತೆ ಹೇಳಬೇಕು. ಇಂಥವರ ಮರಿಮಗಳನ್ನು ಇಂಥವರ ಮರಿಮಗನಿಗೆ ಕೊಡುತ್ತಿದ್ದೇವೆಂಬುದು ಬಂದವರಿಗೆಲ್ಲ ತಿಳಿಯಬೇಕು. ಅವರ ಪೋಲಿಷ್ ಹೆಸರುಗಳಿಗೆ ಸಂಸ್ಕೃತದ ವಿಭಕ್ತಿ ಹತ್ತುವುದು ಸುಲಭವಲ್ಲ. ಐರ್ಲೆಂಡಿನ ಗಾಲ್ವೇಗೆ ಬರುವ ಮೊದಲು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ವ್ಯಾಕರಣ ಕಲಿಸಿದ ನನಗೆ, ಹೆಸರುಗಳನ್ನು ಮೊದಲೇ ಪಡೆದು ಉಚ್ಚಾರಣೆಯನ್ನು ತಿದ್ದಿಕೊಳ್ಳುವುದು ಒಳ್ಳೆಯದೆಂದು ತೋರಿತು.

ಬೀಗರು ಆ ಭಾನುವಾರ ನಮ್ಮ ಮನೆಗೆ ಬಂದದ್ದು ಮಂಟಪದ ಅಳತೆ ಕೇಳಲು. ಅವರು ಬಡಗಿ. ಮಗನಿಗೆ ಎಂಟು ವರ್ಷವಾಗಿದ್ದಾಗ ಪೋಲೆಂಡಿನಿಂದ ಗಾಲ್ವೇಗೆ ಬಂದು, ಈ ಊರಿನ ಸುತ್ತಮುತ್ತ ಎದ್ದ ಎಷ್ಟೋ ಮನೆಗಳಿಗೆ ಮೆಟ್ಟಿಲು, ಬಾಗಿಲು, ಅಟ್ಟ ಕಟ್ಟಿದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಪಾರ್ಕ್‌ಮೋರ್‌ನ ಕಂಪನಿಯೊಂದರಲ್ಲಿ ಅವರ ಮಗನೂ ನಮ್ಮ ಮಗಳೂ ಒಂದೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದರು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಯ ಮಂಟಪ ಬೇಡವೆಂದು ಹಟ ಹಿಡಿದವರು ಬೀಗರೇ. ‘ನನ್ನ ಮಗ ಪ್ಲಾಸ್ಟಿಕ್ ಹೂವಿನ ಕೆಳಗೆ ನಿಲ್ಲುವುದಿಲ್ಲ’ ಎಂದಿದ್ದರು. ಅವರ ಇಂಗ್ಲಿಷಿನಲ್ಲಿ ಪೋಲೆಂಡಿಗೂ ಗಾಲ್ವೇಗೂ ಸಮಪಾಲು. ಇಲ್ಲಿ ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಕಾಫಿ ಕುಡಿದಾದ ಮೇಲೆ ನಾನು ಕಾಗದವನ್ನು ಮುಂದಿಟ್ಟೆ. ಅವರು ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಬರೆದರು. ಆಮೇಲೆ ಪೆನ್ಸಿಲನ್ನು ಮರಳಿ ಕಿವಿಗೇರಿಸಿದರು.

‘ಇನ್ನೊಂದು?’ ಎಂದೆ.

‘ಇನ್ನೊಂದು ಇಲ್ಲ.’

‘ಮರೆತಿದ್ದರೆ ನಿಧಾನವಾಗಿ ಯೋಚಿಸಿ ಹೇಳಿ.’

‘ಮರೆತಿಲ್ಲ, ಪ್ರೊಫೆಸರ್. ಇಲ್ಲ.’ ನಾನು ಪ್ರೊಫೆಸರ್ ಅಲ್ಲವೆಂದು ಅವರಿಗೆ ಎಷ್ಟು ಬಾರಿ ಹೇಳಿದರೂ ಪ್ರಯೋಜನವಾಗಿರಲಿಲ್ಲ. ಅವರು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದರು. ಮಂಟಪದ ಉದ್ದಗಲವನ್ನು ಕೇಳಲೇ ಇಲ್ಲ.

‘ಏನ್ರೀ ಅಂದ್ರಿ ಅವರಿಗೆ?’ ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. ‘ಹೆಸರು ಕೇಳಿದೆ’ ಎಂದೆ. ‘ಹೆಸರು ಕೇಳಿದ್ರೋ, ಪ್ರಶ್ನೆಪತ್ರಿಕೆ ಕೊಟ್ರೋ?’

ಮಗಳು ಸೋಫಾದಲ್ಲಿ ಕಾಲು ಮಡಿಸಿಕೊಂಡು ಕೂತಿದ್ದಳು. ‘ಅಪ್ಪ, ಇಟ್ಸ್ ಗ್ರ್ಯಾಂಡ್. ಎರಡೇ ಹೇಳಿದ್ರೆ ಏನಾಗುತ್ತೆ? ಹೂಸ್ ಕೌಂಟಿಂಗ್?’

‘ಎಣಿಸೋರು ಇರ್ತಾರಮ್ಮ,’ ಎಂದಳು ಹೆಂಡತಿ. ‘ನಮ್ಮ ಕಡೆ ಮೂರು ಹೇಳಿ ಅವರ ಕಡೆ ಎರಡಕ್ಕೇ ನಿಲ್ಸಿದ್ರೆ, ಅವರನ್ನ ಸಭೇಲಿ ಎದ್ದು ನಿಲ್ಲಿಸಿ ಇವರಿಗೆ ಹಿಂದಿಲ್ಲ ಮುಂದಿಲ್ಲ ಅಂದ ಹಾಗಾಗುತ್ತೆ.’

ಅವಳ ಮಾತು ಸರಿಯಾಗಿತ್ತು. ಮರುದಿನ ಸಂಜೆ ನಾನು ಬೀಗರ ಮನೆಯ ಹಿಂದಿನ ಶೆಡ್‌ಗೆ ಹೋದೆ. ಎರಡು ಕಂಬಗಳು ಆಗಲೇ ಮೈದಳೆದಿದ್ದವು. ಕಂಬದ ಬುಡದಲ್ಲಿ ಅವರು ತಮ್ಮ ಸೀಮೆಯ ಹೂಗಳನ್ನು ಕೆತ್ತಿದ್ದರು. ಮೇಲ್ತುದಿಯಲ್ಲಿ, ಯಾರೂ ಹೇಳದಿದ್ದರೂ, ಮಾವಿನೆಲೆಗಳಿದ್ದವು. ನಮ್ಮ ಮನೆಯ ಬಾಗಿಲಿನ ಪ್ಲಾಸ್ಟಿಕ್ ತೋರಣವನ್ನು ನೋಡಿ ಕಲಿತದ್ದೆಂದರು. ನನ್ನನ್ನು ಮರದ ದಿಮ್ಮಿಯೊಂದರ ಮೇಲೆ ಕೂರಿಸಿ, ಉಳಿಯನ್ನು ಮಸೆಯುತ್ತ, ತಲೆ ಎತ್ತದೆ ಮಾತನಾಡಿದರು.

‘ನನ್ನ ಅಪ್ಪ ಅನಾಥಾಲಯದಲ್ಲಿ ಬೆಳೆದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಟೇಷನ್ನಿನಲ್ಲೋ ರಸ್ತೆಯಲ್ಲೋ ಸಿಕ್ಕ ಮಗು. ಕ್ರೈಸ್ತ ಹೆಸರೊಂದನ್ನು ಅಲ್ಲಿನವರು ಇಟ್ಟರು. ಮನೆತನದ ಹೆಸರೂ ಬೇಕಲ್ಲ, ಅದನ್ನೂ ಅವರೇ ಇಟ್ಟರೋ, ಮಗುವೇ ಹೇಳಿತೋ, ಗೊತ್ತಿಲ್ಲ. ನೊವಾಕ್ ಅಂತ ಬರೆದರು. ನಮ್ಮ ದೇಶದಲ್ಲಿ ಕಲ್ಲು ಬೀಸಿದರೆ ಒಬ್ಬ ನೊವಾಕನ ತಲೆಗೆ ಬೀಳುತ್ತದೆ. ಅದಕ್ಕಿಂತ ಸಾಮಾನ್ಯವಾದ ಹೆಸರೇ ಇಲ್ಲ. ಗುರುತಿಲ್ಲದ ಮಗುವಿಗೆ ಇಡಲು ಸುಲಭ.’

‘ಅದರ ಅರ್ಥವೇನು?’

ಅವರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ. ‘ಹೊಸಬ. ಹಳ್ಳಿಗೆ ಯಾವನೋ ಬರುತ್ತಾನೆ. ಎಲ್ಲಿಂದ ಬಂದ, ಯಾರ ಮಗ, ಒಂದೂ ಗೊತ್ತಿಲ್ಲ. ಅವನನ್ನು ಏನೆಂದು ಕರೆಯುವುದು? ಹೊಸಬ ಅಂತ. ಹೆಸರಿಲ್ಲದವನ ಹೆಸರು, ಪ್ರೊಫೆಸರ್. ಅದೂ ನಮ್ಮದೇ ಹೌದೋ ಅಲ್ಲವೋ ತಿಳಿಯದು. ನನ್ನ ಕೆಲಸದ ಕಡೆಯ ಗೆಳೆಯರೆಲ್ಲ ಮದುವೆಗೆ ಬರುತ್ತಾರೆ. ಅವರ ಮುಂದೆ ಅಜ್ಜ ಯಾರು ಅಂತ ಮೈಕಿನಲ್ಲಿ ಕೇಳಿದರೆ ನಾನು ಏನು ಹೇಳಲಿ? ಯಾವುದಾದರೂ ಒಂದು ಹೆಸರು ಹಾಕಿಬಿಡಿ. ಯಾರಿಗೂ ತಿಳಿಯುವುದಿಲ್ಲ.’

ಅರ್ಧ ಮುಗಿದ ಕಂಬಗಳ ನಡುವೆ ಕುಳಿತ ನನ್ನನ್ನು ಬೇರೊಂದು ವಿಸ್ಮಯ ಹಿಡಿದುಕೊಂಡಿತ್ತು. ಒಂದು ದೇಶದ ಅತ್ಯಂತ ಸಾಮಾನ್ಯವಾದ ಮನೆತನದ ಹೆಸರಿನ ಅರ್ಥ ‘ಹೊಸಬ’ ಎಂಬುದಾದರೆ, ಎಷ್ಟು ಹಳ್ಳಿಗಳ ಗಡಿಯಲ್ಲಿ, ಎಷ್ಟು ಶತಮಾನಗಳ ಕಾಲ, ಗಂಟುಮೂಟೆ ಹೊತ್ತ ಎಷ್ಟು ಮಂದಿ ಬಂದು ನಿಂತಿರಬೇಕು! ಊರಿನವರು ಅವರನ್ನು ಹಾಗೆ ಕರೆದದ್ದು ಹೆಚ್ಚೆಂದರೆ ಒಂದು ಸುಗ್ಗಿಯವರೆಗೆ ಸಲ್ಲುತ್ತಿತ್ತು. ಆದರೆ ಅವರು ಉತ್ತರು, ಬಿತ್ತಿದರು, ಮಕ್ಕಳನ್ನು ಹೆತ್ತರು, ಅದೇ ಊರಿನ ಮಣ್ಣಿಗೆ ಸೇರಿದರು. ಹೆಸರು ಮಾತ್ರ ಹೊಸದಾಗಿಯೇ ಉಳಿಯಿತು. ಪಕ್ಕದ ಚೆಕ್ ನಾಡಿನಲ್ಲಿಯೂ, ದಕ್ಷಿಣದ ಸ್ಲೊವೇನಿಯಾದಲ್ಲಿಯೂ ಇದೇ ಹೆಸರು ಮನೆಮನೆಯಲ್ಲಿದೆಯೆಂದು ಆಮೇಲೆ ಓದಿ ತಿಳಿದೆ. ನಮ್ಮ ಎದುರುಮನೆಯ ಐರಿಷ್ ಮುದುಕರು ವಾಲ್ಷ್ ಎಂಬ ಮನೆತನದವರು. ಗಾಲ್ವೇಯಲ್ಲಿ ಆ ಹೆಸರಿಗೆ ಲೆಕ್ಕವಿಲ್ಲ. ಅದರ ಮೂಲಾರ್ಥ ‘ಪರದೇಶಿ’ ಎಂದು ಅವರೇ ಒಮ್ಮೆ ಬೇಲಿಯ ಆಚೆಯಿಂದ ಹೇಳಿದ್ದರು. ಆಗ ನಾನು ಅದನ್ನು ತಮಾಷೆಯೆಂದುಕೊಂಡಿದ್ದೆ.

ನಮ್ಮದಾದರೂ ಎಷ್ಟು ಹಳೆಯದು? ನಮಗೆ ಮನೆತನದ ಹೆಸರೇ ಇರಲಿಲ್ಲ. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಮುಂದೆ ನನ್ನ ಹೆಸರು. ಪಾಸ್‌ಪೋರ್ಟಿಗೆ ಬೇಕೆಂದಾಗ ಅಪ್ಪನ ಅಕ್ಷರವನ್ನು ಬಿಡಿಸಿ ಕೊನೆಯಲ್ಲಿ ಬರೆದೆವು. ಹಾಗಾಗಿ, ನಂಜನಗೂಡನ್ನು ದಾಟಿ ಹೋಗಲು ಒಲ್ಲದಿದ್ದ ನನ್ನ ಅಪ್ಪನ ಹೆಸರನ್ನು ಗಾಲ್ವೇಯ ಶಾಲೆಯಲ್ಲಿ ಪ್ರತಿದಿನ ಹಾಜರಿಗೆ ಕರೆಯುತ್ತಿದ್ದರು. ‘ಹಿಯರ್, ಮಿಸ್’ ಎನ್ನುತ್ತಿದ್ದವಳು ನನ್ನ ಮಗಳು. ಇನ್ನು ನೂರು ವರ್ಷಕ್ಕೆ ಅದೂ ಒಂದು ಮನೆತನವಾಗಿಬಿಡುತ್ತದೆ. ಅದು ಒಬ್ಬ ಮನುಷ್ಯನ ಹೆಸರಾಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ನಮ್ಮ ಪುರೋಹಿತರು ಬೆಂಗಳೂರಿನಿಂದ ಇಲ್ಲಿಗೆ ಬಂದ ಸಾಫ್ಟ್‌ವೇರ್ ಎಂಜಿನಿಯರ್. ತಂದೆಯಿಂದ ಮಂತ್ರ ಕಲಿತವರು; ಶನಿವಾರ, ಭಾನುವಾರ ಈ ದೇಶದ ಉದ್ದಗಲಕ್ಕೂ, ವಾಟರ್‌ಫರ್ಡ್‌ನಿಂದ ಡನ್‌ಡಾಕ್‌ವರೆಗೂ ಗೃಹಪ್ರವೇಶ, ನಾಮಕರಣ ಮಾಡಿಸುತ್ತಾರೆ. ವಿಷಯವನ್ನೆಲ್ಲ ಫೋನಿನಲ್ಲಿ ಹೇಳಿದೆ.

‘ಗೋತ್ರದ್ದು ಬಿಡಿ ಮೇಷ್ಟ್ರೇ, ಗೋತ್ರ ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಅಂತಾನೇ ಹೇಳೋದು. ನಮ್ಮ ತಾತನ ಕಾಲದಿಂದ ಇರೋ ಪದ್ಧತಿ. ಎಲ್ಲರೂ ಕಶ್ಯಪನ ಮಕ್ಕಳೇ ಅಲ್ವಾ? ಆದ್ರೆ ಸುಳ್ಳು ಹೆಸರು ಬೇಡ. ಅಗ್ನಿ ಮುಂದೆ ಹೇಳೋದು, ನಂಗೆ ಧೈರ್ಯ ಬರಲ್ಲ.’

‘ಹಾಗಾದರೆ ಮೂರನೆಯ ತಲೆಮಾರಿಗೆ ಏನು ಮಾಡುವುದು?’

‘ಆ ಮನೆತನದ ಹೆಸರಿದೆಯಲ್ಲ, ಅದನ್ನೇ ಹೇಳೋಣ. ಆತ ಯಾರೋ ಏನೋ, ಇವರ ಪಾಲಿಗೆ ಮೊದಲನೇ ನೊವಾಕ್ ಅವನೇ ತಾನೆ?’

ಫೋನನ್ನು ಇಟ್ಟೆ. ದಿಕ್ಕು ತಿಳಿಯದವರನ್ನೆಲ್ಲ ಒಬ್ಬ ಋಷಿಯ ಮಡಿಲಿಗೆ ಹಾಕುವ ನಮ್ಮ ಹಿರಿಯರೂ, ದಿಕ್ಕು ತಿಳಿಯದವರಿಗೆಲ್ಲ ಒಂದೇ ಹೆಸರನ್ನು ಕೊಟ್ಟು ಊರೊಳಗೆ ಬಿಟ್ಟುಕೊಂಡ ಅವರ ಹಿರಿಯರೂ ಒಬ್ಬರನ್ನೊಬ್ಬರು ಎಂದೂ ಕಂಡವರಲ್ಲ.

ಬೀಗರು ಒಪ್ಪಿದರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ‘ನಿಮ್ಮವರಿಗೆ ತಿಳಿಯುವುದಿಲ್ಲ, ಸರಿ. ನನ್ನವರಿಗೆ ತಿಳಿದೇ ತಿಳಿಯುತ್ತದೆ. ಅಜ್ಜನ ಜಾಗದಲ್ಲಿ ಬರೀ ನೊವಾಕ್ ಅಂದರೆ ಅಲ್ಲಿ ಮನುಷ್ಯನೇ ಇಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ನಗುತ್ತಾರೆ’ ಎಂದರು. ಮಂಟಪದ ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ.

ಮದುವೆ ನಡೆದದ್ದು ಊರ ಹೊರಗಿನ ಹೋಟೆಲೊಂದರಲ್ಲಿ. ಹೊರಗೆ ಅಟ್ಲಾಂಟಿಕ್ ಗಾಳಿ; ಒಳಗೆ ಹೋಮದ ಹೊಗೆಗೆ ಅಲಾರಂ ಕೂಗದಂತೆ ಮ್ಯಾನೇಜರಮ್ಮ ಬೋಗುಣಿಯಷ್ಟು ಚಿಕ್ಕ ಕುಂಡವೊಂದಕ್ಕೆ ಮಾತ್ರ ಅಪ್ಪಣೆ ಕೊಟ್ಟಿದ್ದಳು. ಬಲಗಡೆ ರೇಷ್ಮೆ ಸೀರೆಗಳ ನಮ್ಮ ಬಳಗ, ಎಡಗಡೆ ಬೀಗರ ಬಳಗ: ಪೋಲೆಂಡಿನಿಂದ ಬಂದ ಒಬ್ಬಳೇ ತಂಗಿ, ಮಿಕ್ಕಂತೆ ಅವರೊಡನೆ ಮನೆಗಳನ್ನು ಕಟ್ಟಿದ ಪೋಲಿಷ್ ಗಾರೆಯವರು, ಪ್ಲಂಬರುಗಳು, ಅವರ ಹೆಂಡತಿ ಮಕ್ಕಳು. ನಡುವೆ ಆ ಮಂಟಪ. ಹೂವೂ ಮಾವಿನೆಲೆಯೂ ಒಂದೇ ಕಂಬದಲ್ಲಿ ಹಬ್ಬಿದ್ದವು. ಬೀಗರು ಅದರ ಕಂಬವೊಂದನ್ನು ಹಿಡಿದು ನಿಂತಿದ್ದರು. ಅವರ ಮುಖ ಬಿಳಿಚಿತ್ತು.

ನಮ್ಮ ಕಡೆಯ ಮೂರು ತಲೆಮಾರುಗಳಾದವು. ಮೂರನೆಯದಾದ ನನ್ನ ಅಜ್ಜನ ಹೆಸರನ್ನು, ನಾನು ಆತನ ಮುಖವನ್ನು ಎಂದೂ ಕಂಡಿಲ್ಲವೆಂಬ ಅರಿವಿನೊಂದಿಗೆ ಕೇಳಿಸಿಕೊಂಡೆ. ಆಮೇಲೆ ಪುರೋಹಿತರು ಮೈಕನ್ನು ಹತ್ತಿರಕ್ಕೆಳೆದುಕೊಂಡು ಇಂಗ್ಲಿಷಿನಲ್ಲಿ ವಿವರಿಸಿದರು: ‘ಈಗ ವರನ ಪೂರ್ವಿಕರನ್ನು ನೆನೆಯುತ್ತೇವೆ. ಅವರಲ್ಲಿ ಮೊದಲನೆಯವರ ಹೆಸರು ನೊವಾಕ್ ಎಂದಷ್ಟೇ ನಮಗೆ ತಿಳಿದಿದೆ. ಹೊಸದಾಗಿ ಬಂದವನು ಎಂದು ಅದರ ಅರ್ಥವಂತೆ. ಆ ಹೆಸರಿನವರು ದಯವಿಟ್ಟು ಎದ್ದು ನಿಲ್ಲಬೇಕು.’

ಅವರ ಲೆಕ್ಕದಲ್ಲಿ ಏಳಬೇಕಾದವರು ತಂಗಿಯೊಬ್ಬಳೇ. ಅವಳು ಎದ್ದಳು. ಬೀಗರು ಕಣ್ಣು ಮುಚ್ಚಿಕೊಂಡರು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿದ ಸದ್ದಾಯಿತು. ದಪ್ಪ ಮೀಸೆಯ ಗಾರೆಯವನೊಬ್ಬ ಟೈ ಸರಿಮಾಡಿಕೊಳ್ಳುತ್ತ ಎದ್ದು ನಿಂತ. ‘ನಾನೂ ನೊವಾಕ್’ ಎಂದ, ಯಾರೋ ಆಕ್ಷೇಪಿಸಿದರೋ ಎಂಬಂತೆ. ಅವನ ಹೆಂಡತಿ ಎದ್ದಳು, ಎರಡು ಮಕ್ಕಳನ್ನೂ ತೋಳು ಹಿಡಿದೆತ್ತಿ ನಿಲ್ಲಿಸಿದಳು. ಕಿಟಕಿಯ ಬಳಿಯ ಮೇಜಿನಿಂದ ಬೇರೊಂದು ಸಂಸಾರ ಎದ್ದಿತು. ಅವರಿಗೂ ಇವರಿಗೂ ನಂಟಿಲ್ಲ. ಊರುಗಳು ಬೇರೆ, ಸೀಮೆಗಳು ಬೇರೆ. ಪ್ಲಂಬರನ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು, ‘ಮದುವೆಗೆ ಮುಂಚೆ ನಾನೂ ಅದೇ’ ಎಂದು ಕೋಲೂರಿಕೊಂಡು ಎದ್ದಳು. ಕಡೆಗೆ ಬಾಗಿಲ ಬಳಿ ಕಾಫಿ ಜಗ್ ಹಿಡಿದು ನಿಂತಿದ್ದ ಹೋಟೆಲಿನ ಹುಡುಗಿ ಅತ್ತಿತ್ತ ನೋಡಿದಳು. ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಒಮ್ಮೆ ಮುಟ್ಟಿಕೊಂಡಳು. ಮೊದಲೇ ನಿಂತಿದ್ದವಳು ಇನ್ನೇನು ಮಾಡಿಯಾಳು? ಜಗ್ಗನ್ನು ಮೇಜಿನ ಮೇಲಿಟ್ಟು, ಕೈ ಜೋಡಿಸಿಕೊಂಡು ನೆಟ್ಟಗೆ ನಿಂತಳು.

‘ಮೇಷ್ಟ್ರೇ, ಇಷ್ಟು ಜನಾನಾ?’ ಎಂದು ಪುರೋಹಿತರು ಮೈಕಿಗೆ ಕೈ ಅಡ್ಡವಿಟ್ಟು ಪಿಸುಗುಟ್ಟಿದರು.

ಯಾರೂ ನಗಲಿಲ್ಲ. ಬೀಗರು ಕಣ್ಣು ತೆರೆದು ಹಿಂದಿರುಗಿ ನೋಡಿದರು. ಒಬ್ಬೊಬ್ಬರನ್ನೂ ನೋಡಿದರು. ಕಂಬದ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು.

‘ಕಾಶ್ಯಪಗೋತ್ರೋದ್ಭವಾಯ,’ ಎಂದು ಪುರೋಹಿತರು ಆರಂಭಿಸಿದರು, ‘ನೊವಾಕ್ ನಪ್ತ್ರೇ...’ ನೊವಾಕನ ಮರಿಮಗನಿಗೆ ಎಂದು. ಅಲ್ಲಿಂದ ಮುಂದೆ ಅಜ್ಜ, ತಂದೆ, ವರ. ಎರಡನೆಯ ಬಾರಿಗೆ ಗಾರೆಯವನು ತುಟಿ ಆಡಿಸಿದ. ಮೂರನೆಯ ಬಾರಿಗೆ, ಆ ಹೆಸರು ಬಂದ ಕ್ಷಣದಲ್ಲಿ, ಬೀಗರು ಅದನ್ನು ಗಟ್ಟಿಯಾಗಿ ಹೇಳಿದರು. ಹಿಂದೆ ನಿಂತವರೆಲ್ಲ ಹೇಳಿದರು. ವಿಭಕ್ತಿ ಪ್ರತ್ಯಯವಿಲ್ಲದ ಆ ಬರಿಯ ಹೆಸರು ಹೋಟೆಲಿನ ಸೂರಿಗೆ ತಗಲಿ ಮರಳಿತು. ಯಾವುದೋ ರೈಲು ನಿಲ್ದಾಣದಲ್ಲಿ ಮಗುವೊಂದನ್ನು ಕಳೆದುಕೊಂಡ ಆ ಅಪರಿಚಿತ ಮನುಷ್ಯನಿಗೆ ಇಷ್ಟು ಮಂದಿ ಎದ್ದು ನಿಂತಿದ್ದರು. ನಾನು ಕೈಯಲ್ಲಿದ್ದ ಬೆಳ್ಳಿಯ ಗಿಂಡಿಯನ್ನು ಮರೆತೇಬಿಟ್ಟಿದ್ದೆ.

‘ರೀ,’ ಎಂದು ಹೆಂಡತಿ ಮೊಣಕೈಯಿಂದ ತಿವಿದಳು. ‘ಧಾರೆ ಎರೀರಿ. ಎಲ್ಲರೂ ಎಷ್ಟೊತ್ತು ನಿಂತಿರ್ಬೇಕು?’

ನಾನು ಗಿಂಡಿಯನ್ನು ಬಾಗಿಸಿದೆ. ಬೀಗರು ಮುಂದೆ ಬಂದು ತಮ್ಮ ಅಂಗೈಯನ್ನು ಮಗನ ಕೈಯ ಕೆಳಗೆ ಹಿಡಿದರು. ನೀರು ನನ್ನ ಮಗಳ ಕೈಯಿಂದ ಅವರ ಮಗನ ಕೈಗೆ, ಅಲ್ಲಿಂದ ಆ ಬಡಗಿಯ ಬೊಗಸೆಗೆ ಇಳಿಯಿತು.