ಮೇಡಂಗೆ ಕಳಿಸಿದ ಒಂದೆಲಗದ ಚಟ್ನಿ

ಮೊನ್ನೆ ಬಸವಾಪಟ್ಟಣದಿಂದ ಬಂದ ಚಿಕ್ಕಮ್ಮ ತೋಟದ ಕಾಲುವೆ ಬದಿಯ ಒಂದೆಲಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಗಂಟು ಬಿಚ್ಚಿದ್ದೇ ತಡ, ಹಸಿ ಮಣ್ಣು ಬೆರೆತ ಆ ವಾಸನೆಗೆ ನನ್ನ ಹೈಸ್ಕೂಲಿನ ವಿಜ್ಞಾನದ ಮೇಡಂ ನೆನಪಾದರು. ನಮ್ಮ ಜಗಳೂರಿನ ಬಿಸಿಲಿಗೆ ಈ ಸೊಪ್ಪು ಎಲ್ಲಿ ಬೆಳೆಯಬೇಕು? ಆಗಲೂ ಚಿಕ್ಕಮ್ಮನೇ ತರುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಅದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನ ಕೈಕೊಟ್ಟಿತ್ತು. "ಇದೊಂದು ಸಲ ನೋಡ್ತೀನಿ. ಫೇಲಾದ್ರೆ ಹೊಲಿಗೆ ಕಲಿಯಾಕೆ ಹೋಗು" ಎಂದು ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ನನಗೋ ಟೀಚರಾಗುವ ಆಸೆ. ಸೂಜಿಯ ಹೆಸರೆತ್ತಿದರೆ ಆಗದು.

ಅದೇ ಹೊತ್ತಿಗೆ ಮೇಡಂ, ಮಿದುಳು ಹೇಗೆ ಕಲಿಯುತ್ತದೆ ಎಂಬ ತರಬೇತಿಯೊಂದನ್ನು ಮುಗಿಸಿಕೊಂಡು ಬಂದರು. ಬಂದವರೇ ಪಾಠದ ರೀತಿಯನ್ನೇ ಬದಲಿಸಿದರು. ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳುವುದು. ಇಂದು ಕೇಳಿದ್ದನ್ನು ನಾಲ್ಕು ದಿನ ಬಿಟ್ಟು ಕೇಳುವುದು, ತಿಂಗಳು ಕಳೆದ ಮೇಲೆ ಮತ್ತೆ ಅದನ್ನೇ. ಅದೂ ತಮಗೇ ಗೊತ್ತಿಲ್ಲದವರ ಮುಖ ಮಾಡಿಕೊಂಡು. ಸಂತೆಯಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಒಂದು ಕೈಲಿ ಬದನೆಕಾಯಿ ಆರಿಸುತ್ತಾ, "ಹೃದಯದ ಎಡಗಡೆಗೆ ರಕ್ತ ಎಲ್ಲಿಂದ ಬರ್ತೈತೆ ಹೇಳು?" ಎನ್ನುತ್ತಿದ್ದರು. ಅವ್ವನ ಎದುರಿಗೇ, ಸಂತೆ ಸಂತೆಗೂ ಅದೇ ಪ್ರಶ್ನೆ.

ಮನೆಗೆ ಬಂದ ಮೇಲೆ ಅವ್ವ ಅಂದಳು, "ಪಾಪ, ಇಷ್ಟು ಸಣ್ಣ ವಯಸ್ಸಿಗೇ ಮರೆವು. ಇವ್ರೇ ಮರೆತ್ರೆ ನಿನ್ನ ಪಾಸು ಮಾಡ್ಸೋರು ಯಾರು?" ಮರುದಿನವೇ ಕುಂಕುಮದ ಭರಣಿಯಷ್ಟು ಚಿಕ್ಕ ಡಬ್ಬಿಯಲ್ಲಿ ಒಂದೆಲಗದ ಚಟ್ನಿ ನನ್ನ ಕೈಗೆ ಬಂತು.

"ಇದೇನಿದು?" ಎಂದರು ಮೇಡಂ.

"ಮರೆವಿಗೆ ಒಳ್ಳೇದಂತ್ರೀ... ಅವ್ವ ಕೊಟ್ಟಾಳೆ."

ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ರೊಟ್ಟಿಗೆ ಹಚ್ಚಿ ತಿನ್ನುತ್ತಾ, "ಇನ್ನೇನು ಮರೀಬೇಕು ಅನ್ನೋ ಹೊತ್ತಿಗೆ ಕೇಳ್ಬೇಕು ಕಣವ್ವ. ಆಗ ಮಿದುಳು ತಡಕಾಡ್ತೈತೆ. ತಡಕಾಡಿ ಸಿಕ್ಕಿದ್ದು ಗಟ್ಟಿಯಾಗಿ ಉಳೀತೈತೆ" ಎಂದರು. ಡಬ್ಬಿಯ ತಳವನ್ನು ಬೆರಳಲ್ಲಿ ಬಳಿದು ನೆಕ್ಕಿ, "ನಿಮ್ಮವ್ವಂಗೆ ಮಾತ್ರ ಹೇಳ್ಬ್ಯಾಡ. ಚಟ್ನಿ ನಿಂತುಹೋಗ್ತೈತೆ" ಎಂದರು.

ನಾನು ಹೇಳಲಿಲ್ಲ. ಪರೀಕ್ಷೆಯವರೆಗೂ ಆ ಡಬ್ಬಿ ಓಡಾಡಿತು. ಬಾಯಿಪಾಠಕ್ಕೆ ಜಗ್ಗದ ನನ್ನ ತಲೆ ಆ ತಡಕಾಟಕ್ಕೆ ಬಗ್ಗಿತು. ಪ್ರಶ್ನೆಪತ್ರಿಕೆಯಲ್ಲಿ ಹೃದಯ ಕಂಡಾಗ ನನಗೆ ಕೇಳಿಸಿದ್ದು ಸಂತೆಯ ಗದ್ದಲ, ಮೇಡಂ ದನಿ... ಪಾಸಾದೆ. "ನೋಡಿದ್ಯಾ, ಮೇಡಂಗೆ ಒಂದೆಲಗ ಹಿಡೀತು" ಎಂದು ಅವ್ವ ಓಣಿಗೆಲ್ಲ ಸಾರಿದಳು.

ಈಗ ನಾನೂ ಟೀಚರು. ಪುಸ್ತಕ ಮುಚ್ಚಿಸಿಯೇ ಕೇಳುತ್ತೇನೆ, ಕೇಳಿದ್ದನ್ನೇ ಕೇಳುತ್ತೇನೆ. ಆ ಕೆಲಸ ನನಗೆ ತುಂಬ ಇಷ್ಟ. ಹೊನ್ನಾಳಿಗೆ ವರ್ಗವಾಗಿ ಹೋಗಿದ್ದ ಮೇಡಂ ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದ ದಿನ ಮನಸಾರೆ ಅತ್ತೆ.

ಮೊನ್ನೆ ಸೊಪ್ಪು ಬಿಡಿಸುತ್ತಾ ಕೂತ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಮೇಡಂಗೆ ಮರೆವು ಇರಲೇ ಇಲ್ಲ, ಅವರು ಕಲಿಸುತ್ತಿದ್ದ ಕ್ರಮವೇ ಅದು, ಚಟ್ನಿಯ ಆಸೆಗೆ ಸುಮ್ಮನಿದ್ದರು ಎಂದು. ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ನಿಂತಿತು.

"ರುಚಿಗೆ ತಿಂತಿದ್ರೇನೇ?" ಎಂದಳು. "ಹಂಗಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲೇ... ಔಷಧಿ ಅಂತ ಚೂರೇ ಚೂರು ಕಳಿಸ್ತಿದ್ದೆ. ರುಚಿಗೆ ಅಂತ ಗೊತ್ತಿದ್ರೆ ದೊಡ್ಡ ಡಬ್ಬಿ ತುಂಬ ಕಳಿಸ್ತಿದ್ದೆ."