ಜಲಜಕ್ಕನ ಕಾಯಿಲೆ, ನನ್ನ ಬಾಯಿ

ಡಾಕ್ಟರ ಹತ್ತಿರ ಹೋಗುವ ದಿನ ಜಲಜಕ್ಕ ಮದುವೆಗೆ ಹೊರಟವರ ಹಾಗೆ ಹೊರಡುತ್ತಿದ್ದರು. ಜರಿ ಅಂಚಿನ ಸೀರೆ, ಒಪ್ಪುವ ಹೊಸ ರವಿಕೆ, ತಲೆತುಂಬ ಸೇವಂತಿಗೆ, ಮುಖಕ್ಕೆ ಪೌಡರು. “ಜ್ವರ ಬಂದವರ ಲಕ್ಷಣವಾ ಇದು?” ಎಂದು ನಾನು ನಕ್ಕರೆ, “ಹರ್ಕ್ ಸೀರಿ ಉಟ್ಕಂಡ್ ಹೋರೆ ಕೂತ್ಕಣಿ ಅಂದೂ ಹೇಳುದಿಲ್ಲೆ ಮಾರಾಯ್ತಿ. ಚಂದ ಹೊರ್ಟ್ ಹೋರೆ ಒಂದ್ ಮಾತಾರೂ ಹೆಚ್ಚ್ ಆಡ್ತ್ರ್” ಎನ್ನುತ್ತಿದ್ದರು.

ಹೆಮ್ಮಾಡಿಯಲ್ಲಿ ಅವರದು ಟೈಲರಿಂಗ್ ಅಂಗಡಿ, ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಅವರು ಆ ಕಡೆ ನಕ್ಕರೆ ಈ ಕಡೆ ನನ್ನ ಗಿರಾಕಿಗಳಿಗೂ ಕಾರಣ ಗೊತ್ತಿಲ್ಲದೆ ನಗು ಬರುತ್ತಿತ್ತು. ಅವರು ದೊಡ್ಡ ಆಳು, ನಾನು ಸಪೂರ, ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕಾದವಳು. “ನಮ್ಮಿಬ್ರನ್ನೂ ಕಲ್ಸಿ ಎರಡ್ ಪಾಲ್ ಮಾಡಿರೆ ಎರಡ್ ಸಮ ಹೆಂಗ್ಸ್ರ್ ಆತಿದ್ರ್” ಎಂದು ಅವರೇ ಎಲ್ಲರೆದುರು ಹೇಳುತ್ತಿದ್ದರು. ದಪ್ಪದ ತಮಾಷೆಯನ್ನು ಬೇರೆಯವರು ಮಾಡುವ ಮೊದಲು ತಾನೇ ಮಾಡಿ ಮುಗಿಸುವುದು ಅವರ ಕ್ರಮ.

ಒಮ್ಮೆ ಅವರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿತು. ಕುಂದಾಪುರದ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ದಾವಣಗೆರೆ ಕಡೆಯ ಚಿಕ್ಕ ಪ್ರಾಯದ ಡಾಕ್ಟರು, ಸಾಧು ಮನುಷ್ಯ. ಚಿಮಟದಲ್ಲಿ ಮುಳ್ಳನ್ನು ಎಳೆದು ತೋರಿಸಿ, ಕೈ ತೊಳೆಯುತ್ತಾ, “ನೋಡಿ ಅಮ್ಮ, ನೀವು ಸ್ವಲ್ಪ ತೂಕ ಇಳಿಸಬೇಕು” ಎಂದರು.

ಜಲಜಕ್ಕ ತಟ್ಟೆಯಲ್ಲಿದ್ದ ಮುಳ್ಳನ್ನು ಬಗ್ಗಿ ನೋಡಿದರು. “ಮುಳ್ಳ್ ಸಪೂರವೇ ಇತ್ತಲೆ ಡಾಕ್ಟ್ರೆ?”

ಡಾಕ್ಟರಿಗೆ ಕುಂದಾಪ್ರ ಕನ್ನಡ ಅಷ್ಟಾಗಿ ಹತ್ತುತ್ತಿರಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿದರು.

ಈ ಡಾಕ್ಟರು ಒಬ್ಬರೇ ಅಲ್ಲ. ಬ್ರಹ್ಮಾವರದಲ್ಲಿ ಕಿವಿನೋವಿಗೆ ಹೋದಾಗಲೂ ತೂಕ, ಬೈಂದೂರಿನಲ್ಲಿ ಉಗುರುಸುತ್ತಿಗೆ ಹೋದಾಗಲೂ ತೂಕ. ಹೊರಗೆ ಕಾಯುವಲ್ಲಿ ಎಲ್ಲ ಕಡೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳು. ಒಂದು ಕಡೆ ಕೂತು ಏಳುವಾಗ ಕುರ್ಚಿಯೂ ಜೊತೆಗೇ ಎದ್ದಿತ್ತಂತೆ. ಆಮೇಲೆ ಎಷ್ಟು ಹೊತ್ತಾದರೂ ನಿಂತೇ ಕಾಯುತ್ತಿದ್ದರು. ಯಾರಾದರೂ ಕೂರಲು ಹೇಳಿದರೆ, “ಸೀರಿ ಇಸ್ತ್ರಿ ಹಾಳಾತ್ತ್” ಎಂಬ ನೆವ.

ಒಂದು ಮಳೆಗಾಲ ಕಳೆದ ಮೇಲೆ ಜಲಜಕ್ಕನ ನಗು ಕಡಿಮೆಯಾಯಿತು. ಹೊಲಿಗೆ ಮಿಷನ್ನಿನ ಸದ್ದು ಸ್ವಲ್ಪ ಹೊತ್ತು ಬಂದು ನಿಲ್ಲುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದರೆ ತಲೆಸುತ್ತು. ಕುಂದಾಪುರದ ಡಾಕ್ಟರಲ್ಲಿಗೆ ಹೋದರು. ತಿಂಗಳ ಮುಟ್ಟಿನ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ, “ತೂಕ ಅಮ್ಮ, ತೂಕ. ಬೆಳಿಗ್ಗೆ ವಾಕಿಂಗ್ ಮಾಡಿ” ಎಂಬ ಉತ್ತರ ಬಂತು. ಮಾಡಿದರು ಪಾಪ. ಮೂರನೆಯ ಬೆಳಿಗ್ಗೆ ಹೆದ್ದಾರಿ ಬದಿಯ ಮೋರಿಕಟ್ಟೆಯ ಮೇಲೆ ಬೆವರು ಸುರಿಸುತ್ತಾ ಕೂತಿದ್ದರು, ತುಟಿ ಬಿಳಿಚಿತ್ತು. ನಾನು ಓಡಿಹೋಗಿ ನೀರು ಕೊಟ್ಟೆ.

“ಈ ಮೈ ಒಳ್ಗ್ ನಾ ಒಬ್ಳ್ ಇದ್ದೆ ಅಂದೇಳಿ ಇವ್ರಿಗ್ ಹ್ಯಾಂಗ್ ಹೇಳುದೇ?” ಎಂದರು. ಅವರ ಬಾಯಲ್ಲಿ ತಮಾಷೆಯಿಲ್ಲದ ಮಾತನ್ನು ನಾನು ಮೊದಲ ಸಲ ಕೇಳಿದ್ದು.

ಸಂಜೆಗೆ ಮತ್ತೆ ಮೊದಲಿನ ಜಲಜಕ್ಕ. ನನ್ನ ಅಂಗಡಿಗೆ ಬಂದು, “ನೀ ಸಪೂರ ಇದ್ಯಲೆ, ಡಾಕ್ಟ್ರ್ ನಿನ್ನ ಮಾತ್ ಕೇಳ್ತ್ರ್. ನನ್ನ ಕಾಯ್ಲಿ ನೀ ನಿಂದ್ ಅಂದೇಳಿ ಹೇಳ್ಕ್” ಎಂದರು.

“ನನಗೆಂತದೂ ಆಗಿಲ್ಲವಲ್ಲ ಜಲಜಕ್ಕ! ಇಂಜೆಕ್ಷನ್ ಕೊಟ್ಟರೆ?”

“ಕೊಟ್ರೆ ತಕೊ. ನಾ ನಿಂಗೆ ಐಸ್‌ಕ್ರೀಂ ಕೊಡ್ಸ್ತೆ.”

ಮರುದಿನ ಡಾಕ್ಟರ ಮುಂದೆ ಕೂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ, ಎದ್ದರೆ ತಲೆಸುತ್ತು, ಕೈಕಾಲಿನಲ್ಲಿ ಬಲವಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು ದಿನದಿಂದ, ಊಟ ಹೇಗೆ, ನಿದ್ದೆ ಹೇಗೆ, ತಿಂಗಳಿನದು ಸರಿಯಾಗಿದೆಯಾ ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಜಲಜಕ್ಕನ ಉತ್ತರವನ್ನೇ ಕೊಟ್ಟೆ. ಕಣ್ಣಿನ ರೆಪ್ಪೆ ಎಳೆದು ನೋಡಿ, “ಇಲ್ಲಿ ಸರಿಯಾಗೇ ಕಾಣ್ತದೆ. ಆದರೂ ನಿರ್ಲಕ್ಷ್ಯ ಮಾಡಬಾರದು” ಎಂದು ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಬರೆದರು.

ಅಷ್ಟರಲ್ಲಿ ಜಲಜಕ್ಕ ಹೊರಗೆ ಕಿವಿಗೊಟ್ಟು ನಿಂತಿದ್ದ ಬಾಗಿಲು ತೆರೆಯಿತು. ಜರಿ ಸೀರೆ, ಪೌಡರು, ಸೇವಂತಿಗೆ.

“ಹ್ವಾಯ್ ಡಾಕ್ಟ್ರೆ, ಈ ಹೆಣ್ಣಿಗ್ ಎಂತದೂ ಇಲ್ಲೆ. ಅದ್ ಹೇಳಿದ್ದೆಲ್ಲ ನನ್ನ್ ಕಾಯ್ಲಿ. ಅದಕ್ಕಾರೆ ರಕ್ತ ಪರೀಕ್ಷೆ, ನಂಗಾರೆ ವಾಕಿಂಗಾ? ನನ್ನ ಮೈ ಒಳ್ಗ್ ರಕ್ತ ಇಲ್ಯಾ?”

ಡಾಕ್ಟರ ಕಿವಿ ಕೆಂಪಾಯಿತು. ಅವರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಬೈಯುತ್ತಾರೆಂದು ಕಾದೆವು. ಅವರು ನನ್ನ ಚೀಟಿಯಲ್ಲಿದ್ದ ಹೆಸರು ಹೊಡೆದುಹಾಕಿ, “ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮ” ಎಂದರು.

ವರದಿ ನೋಡಿದ ಡಾಕ್ಟರು ತಾವೇ ಫೋನು ಮಾಡಿದರು. ಜಲಜಕ್ಕನಿಗೆ ನಿಜಕ್ಕೂ ರಕ್ತವೇ ಇರಲಿಲ್ಲ. ಗರ್ಭಕೋಶದ ಗಡ್ಡೆಯಿಂದಾಗಿ ತಿಂಗಳು ತಿಂಗಳೂ ಬಸಿದು ಹೋಗುತ್ತಿತ್ತು. ಇನ್ನೂ ತಡವಾಗಿದ್ದರೆ ಹೃದಯಕ್ಕೆ ಅಪಾಯವಿತ್ತಂತೆ. ರಕ್ತ ಕೊಟ್ಟು, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರು. ಡಾಕ್ಟರು ಅಲ್ಲಿಗೇ ನೋಡಲು ಬಂದು, ಮಂಚದ ಹತ್ತಿರ ನಿಂತು, “ನನ್ನಿಂದ ತಪ್ಪಾಯ್ತು ಜಲಜಕ್ಕ” ಎಂದರು.

“ಅದ್ ಇರ್ಲಿ. ಹೊರ್ಗಿನ್ ಆ ಕುರ್ಚಿ ತೆಗ್ಸಿ ಒಂದ್ ಬೆಂಚ್ ಹಾಕ್ಸಿ” ಎಂದರು ಜಲಜಕ್ಕ. “ಬಿಪಿ ಪಟ್ಟಿಯೂ ದೊಡ್ಡದ್ ತಕಣಿ. ಅದ್ ನನ್ನ್ ಕೈಗ್ ಸುತ್ತುದೇ ಇಲ್ಲೆ, ಸುಮ್ನೆ ಎಂತದೋ ಬರ್ಕಂತ್ರಿ.”

ಎರಡೂ ಆಯಿತು. ಆಗಿದ್ದು ಅಷ್ಟೇ ಅಲ್ಲ, ಡಾಕ್ಟರು ಪ್ರತಿಯೊಬ್ಬರ ಮಾತನ್ನೂ ಕೊನೆಯತನಕ ಕೇಳಲು ಶುರುಮಾಡಿದರು. ನಮ್ಮ ಕಡೆಯವರಿಗೆ ಹೊಟ್ಟೆನೋವು ಹೇಳಬೇಕಾದರೆ ಸೊಸೆಯ ವಿಷಯದಿಂದ ಹೊರಡಬೇಕು. ಸರದಿ ರಸ್ತೆಯವರೆಗೆ ಬೆಳೆಯಿತು. “ಈ ಡಾಕ್ಟ್ರನ್ನ ಹಾಳ್ ಮಾಡಿದ್ದೇ ಜಲಜಕ್ಕ” ಎಂದು ಜನ ಬೈದುಕೊಂಡೇ ಬೆಂಚಿನ ಮೇಲೆ ಕಾಯುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಜಲಜಕ್ಕ ಕೆರಾಡಿಯ ತಮ್ಮನ ಮನೆಗೆ ಹೋಗಿ, ಗದ್ದೆ ಕೆಲಸಕ್ಕೆ ಇಳಿದು, ಜ್ವರ ಹಿಡಿಸಿಕೊಂಡರು. ಇಲಿ ಜ್ವರ. ಬರೇ ಥಂಡಿ ಎಂದುಕೊಂಡು ಕಷಾಯ ಕುಡಿದು ಮಲಗಿದ್ದರಂತೆ. ಡಾಕ್ಟರು ನೋಡಿ ದೊಡ್ಡ ಆಸ್ಪತ್ರೆಗೆ ಕಳಿಸುವಷ್ಟರಲ್ಲಿ ಮೂತ್ರಪಿಂಡ ಸೋತಿತ್ತು. ಜಲಜಕ್ಕ ಮನೆಗೆ ಬರಲಿಲ್ಲ.

ಕೆರಾಡಿಯ ಅಂಗಳದಲ್ಲಿ ಜನ ಸೇರಿತ್ತು. ಡಾಕ್ಟರೂ ಬಂದು ಜಗಲಿಯ ತುದಿಯಲ್ಲಿ ಕೂತಿದ್ದರು. ಸಂಬಂಧಿಕರೊಬ್ಬರು ನಿಟ್ಟುಸಿರು ಬಿಟ್ಟು, “ಮೈ ಒಂಚೂರ್ ಕಮ್ಮಿ ಇದ್ದಿದ್ರೆ ಉಳೀತಿದ್ಳೋ ಏನೋ” ಎಂದರು. ನಾಲ್ಕು ತಲೆಗಳು ಹೌದೆಂದು ಆಡಿದವು.

“ಇಲ್ಲ” ಎಂದರು ಡಾಕ್ಟರು. ಎಲ್ಲರೂ ತಿರುಗಿ ನೋಡಿದರು. “ಅವರಿಗೆ ಬಂದದ್ದು ಇಲಿ ಜ್ವರ. ಅದು ಯಾರಿಗೆ ಬೇಕಾದರೂ ಬರ್ತದೆ. ಜಲಜಕ್ಕನ ತೂಕದ ಬಗ್ಗೆ ನಾನೇ ಬೇಕಾದಷ್ಟು ಮಾತಾಡಿದ್ದೇನೆ. ಇನ್ನು ಸಾಕು.”